ಗೌರಿ ಆರಿಸಿಕೊಂಡ ಬೇಸ್‌ಬಾಲ್

ಅಂಗಡಿಯವನು ಮೊದಲು ಗೌರಿಯ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿದ್ದ ಬಲಗೈಯನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ನಕ್ಕ.

"ಬೇಸ್‌ಬಾಲ್ ಗೇಮಾ? ರಾಯಚೂರಾಗ ಅದನ್ನ ಯಾರ್ ಆಡ್ತಾರ್ರಿ ಮೇಡಂ? ಕ್ರಿಕೆಟ್ ಹಾಕ್ಕೊಡ್ತೀನಿ, ಮಸ್ತ್ ಅದ. ಬ್ಯಾಡಂದ್ರ ಅಡಗಿ ಮಾಡೋ ಗೇಮ್ ಅದ. ಹುಡುಗ್ಯಾರು ಅದನ್ನೇ ಭಾಳ ಕೇಳ್ತಾರ."

ಪ್ರಶ್ನೆ ಕೇಳಿದವಳು ಗೌರಿ. ಉತ್ತರ ಬಂದದ್ದು ನನಗೆ. ಗಮನಿಸಿದ್ದೀರಾ, ಹುಡುಗಿಯೊಬ್ಬಳು ಅಂಗಡಿಯಲ್ಲಿ ಏನನ್ನಾದರೂ ಕೇಳಿದರೆ ಉತ್ತರ ಯಾವಾಗಲೂ ಅವಳ ಪಕ್ಕದಲ್ಲಿ ನಿಂತವರಿಗೇ ಹೋಗುತ್ತದೆ?

ನನ್ನ ಸಿಟ್ಟು ಶುರುವಾದದ್ದು ಅಲ್ಲಿ. ಇವತ್ತಿಗೂ ಇಳಿದಿಲ್ಲ. ಆದ್ದರಿಂದ ಈ ವಾರ ನಿಮ್ಮ ಕೈಲಿ ಸ್ವಲ್ಪ ಖಾರದ ಬರಹ ಇದೆ, ಸಹಿಸಿಕೊಳ್ಳಿ.

ಗೌರಿ ನನ್ನ ಅಕ್ಕನ ಮಗಳು. ಮನೆ ಮಾನ್ವಿಯಲ್ಲಿ. ಅಪ್ಪನಿಗೆ ರೈಸ್ ಮಿಲ್ ಇದೆ, ಅಣ್ಣ ಮಂಜು ಮಿಲ್ ನೋಡಿಕೊಳ್ಳುತ್ತಾನೆ. ಗೌರಿ ಡಿಗ್ರಿ ಓದಲು ರಾಯಚೂರಿನಲ್ಲಿ ನನ್ನ ಮನೆಯಲ್ಲಿದ್ದಾಳೆ. ಕಾಲೇಜಿನ ಬೇಸ್‌ಬಾಲ್ ಟೀಮಿನ ಕ್ಯಾಚರ್. (ಹೌದು, ರಾಯಚೂರಿನಲ್ಲಿ ಬೇಸ್‌ಬಾಲ್ ಆಡುತ್ತಾರೆ. ಹುಡುಗಿಯರೂ ಆಡುತ್ತಾರೆ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಆಟ ಇಲ್ಲವೆಂದಲ್ಲ.)

ಕ್ಯಾಚರ್ ಅಂದರೆ ಬ್ಯಾಟ್ ಹಿಡಿದವಳ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವಳು. ಹಿಡಿಯುವುದು ಅರ್ಧ ಕೆಲಸ. ಇನ್ನರ್ಧ, ಚೆಂಡೆಸೆಯುವವಳಿಗೆ ಬೆರಳ ಸನ್ನೆಯಲ್ಲಿ ಹೇಳುವುದು: ಈಗ ಜೋರಾಗಿ ಎಸಿ, ಈಗ ನಿಧಾನ, ಈಗ ಹೊರಗಡೆ. ಇಡೀ ಮೈದಾನ ಎದುರಿಗೆ ಕಾಣುವುದು ಅವಳೊಬ್ಬಳಿಗೇ. ಇದನ್ನೆಲ್ಲ ನನಗೆ ಕಲಿಸಿದವಳು ಗೌರಿ. ಅದಕ್ಕೂ ಮೊದಲು ನನಗೆ ಗೊತ್ತಿದ್ದ ಆಟ ಪಗಡೆ ಮಾತ್ರ.

ದೇವದುರ್ಗದಲ್ಲಿ ಒಂದು ಪ್ರಾಕ್ಟೀಸ್ ಮ್ಯಾಚ್ ಇತ್ತು. ಮೇಲೆ ಹಾರಿದ ಚೆಂಡನ್ನು ಹಿಡಿಯಲು ಓಡಿದಳು, ಹಿಡಿದಳು, ಭುಜದ ಮೇಲೆ ಬಿದ್ದಳು. ಚೆಂಡು ಕೈಬಿಡಲಿಲ್ಲ, ಭುಜದ ಕೀಲು ತಪ್ಪಿತು. ಈ ಸೀಸನ್ ಪೂರ್ತಿ ಎಸೆಯುವಂತಿಲ್ಲ ಎಂದರು ಡಾಕ್ಟರು. ಮನೆಗೆ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಊಟ ಕೇಳಿದರೆ ಬೇಡ, ಟಿವಿ ಬೇಡ, ಗೆಳತಿಯರು ಬಂದರೆ ತಲೆನೋವು.

ಒಂದು ದಿನ ತಾನೇ ಎದ್ದು ಕೂತಳು. "ಚಿಗವ್ವ, ಕೈ ಹೋದ್ರ ಹೋಗ್ಲಿ. ತಲಿ ತುಕ್ಕು ಹಿಡೀಬಾರ್ದು. ನನಗ ಲ್ಯಾಪ್‌ಟಾಪಿನಾಗ ಆಡೋ ಬೇಸ್‌ಬಾಲ್ ಬೇಕು."

ಹಾಗೆ ಹೋದದ್ದು ನಾವು ಆ ಅಂಗಡಿಗೆ. ಅಡುಗೆ ಆಟದ ಮಾತು ಕೇಳಿ ಬಂದದ್ದು. ನಾನು ಅವನಿಗೆ ಎರಡು ಮಾತು ಹೇಳಿಯೇ ಹೊರಗೆ ಬಂದೆ, ಅವು ಇಲ್ಲಿ ಅಚ್ಚಾಗುವಂಥವಲ್ಲ.

ಸರಿ, ಇಂಟರ್ನೆಟ್ಟಿನಲ್ಲೇ ಹುಡುಕೋಣ ಎಂದು ಕೂತೆವು. ಅಲ್ಲಿ ಇನ್ನೊಂದು ರೀತಿಯ ಅಂಗಡಿಯವರು. 'ಇದೇ ಬೆಸ್ಟ್, ಇದನ್ನು ಆಡದಿದ್ದರೆ ನೀವು ಬೇಸ್‌ಬಾಲ್ ಪ್ರೇಮಿಯೇ ಅಲ್ಲ' ಎಂದು ಒಬ್ಬ. 'ಅದು ಕಸ, ಇದು ಬೆಸ್ಟ್' ಎಂದು ಮತ್ತೊಬ್ಬ. ಆಡುವವರಿಗೆ ಏನು ಬೇಕು ಎಂದು ಒಬ್ಬನಾದರೂ ಕೇಳಬೇಡವೇ? ಚಪ್ಪಲಿ ಅಂಗಡಿಯಲ್ಲೂ ಮೊದಲು ಕಾಲಿನ ಅಳತೆ ಕೇಳುತ್ತಾರೆ.

ಮೊದಲನೆಯ ಆಟ ಕಣ್ಣಿಗೆ ಹಬ್ಬ. ದೊಡ್ಡ ಸ್ಟೇಡಿಯಂ, ಜನರ ಕೂಗು, ಆಟಗಾರರ ಹಣೆಯ ಬೆವರೂ ಕಾಣುತ್ತದೆ. ನನಗೆ ಬಹಳ ಇಷ್ಟವಾಯಿತು. ಆದರೆ ಚೆಂಡು ಬಂದ ಗಳಿಗೆಗೆ ಸರಿಯಾಗಿ ಬಟನ್ ಒತ್ತಬೇಕು, ಎರಡೂ ಕೈ ಚುರುಕಿರಬೇಕು. ಗೌರಿ ಎಡಗೈಯಲ್ಲಿ ಸ್ವಲ್ಪ ಹೊತ್ತು ಆಡಿ ಮುಚ್ಚಿಟ್ಟಳು. "ಇದು ಬೆರಳಿನ ಆಟ" ಎಂದಳು.

ಎರಡನೆಯದು ಮೊಬೈಲಿನದು. ಆಡಲು ಫ್ರೀ. ಆದರೆ ಒಳ್ಳೆಯ ಆಟಗಾರ ಬೇಕೆಂದರೆ ಮುಚ್ಚಿದ ಪೊಟ್ಟಣ ಕೊಳ್ಳಬೇಕು, ಒಳಗೆ ಯಾರಿದ್ದಾರೋ ಒಡೆದ ಮೇಲೇ ಗೊತ್ತು. ಇದು ಬೇಸ್‌ಬಾಲ್ ಹೇಗಾಗುತ್ತದೆ? ಲಾಟರಿ ಅಂಗಡಿಗೆ ಕ್ಯಾಪ್ ತೊಡಿಸಿ ಕೂರಿಸಿದ್ದಾರೆ, ಅಷ್ಟೇ. ಗೌರಿ ನನಗಿಂತ ಮೊದಲೇ ಅದನ್ನು ಅಳಿಸಿದಳು.

ಮೂರನೆಯದನ್ನು ನೋಡಿ ನನಗೆ ಆಕಳಿಕೆ ಬಂತು. ಚಿತ್ರವೇ ಇಲ್ಲ. ಬರೀ ಹೆಸರು, ಬರೀ ಅಂಕಿ. ಯಾರು ಬ್ಯಾಟಿಗೆ ಬಂದಿದ್ದಾರೆ, ಯಾರು ಓಡಲು ಕಾಯುತ್ತಿದ್ದಾರೆ ಎಂದು ಒಂದೊಂದು ಸಾಲಿನ ವಾಕ್ಯ. ಕೆಳಗೆ ಒಂದು ಪ್ರಶ್ನೆ: ಮುಂದೇನು?

"ಇದ್ರಾಗ ನೋಡಾಕ ಏನದವ್ವಾ?" ಎಂದೆ.

"ನೋಡೋದಲ್ಲ ಚಿಗವ್ವ, ಯೋಚನಿ ಮಾಡೋದು. ಇದ ನನಗ ಬೇಕಾದ್ದು."

ಮತ್ತೆ ಅವಳು ತಲೆ ಎತ್ತಲಿಲ್ಲ. ಅಮೆರಿಕದ ಊರುಗಳ ಹೆಸರು ಅಳಿಸಿ ತಂಡಗಳಿಗೆ ನಮ್ಮ ಊರುಗಳ ಹೆಸರಿಟ್ಟಳು. ಯಾಪಲದಿನ್ನಿ, ಗುಂಜಹಳ್ಳಿ, ಮಸರಕಲ್. ಮಾನ್ವಿ ಅವಳದೇ ತಂಡ. ಕಾಲೇಜಿನ ಗೆಳತಿಯರೆಲ್ಲ ಅದರಲ್ಲಿ ಆಟಗಾರರು. ಬೆಳಿಗ್ಗೆ ಚಹಾ ಕುಡಿಯುವಾಗ, "ಮಸರಕಲ್‌ದವ್ರು ನಿನ್ನಿ ನಮ್ಮನ್ನ ಹೊಡದ್ ಹಾಕಿದ್ರು, ಎಡಗೈಯವ್ರಿಗೆ ಎಲ್ಲಿ ಎಸೀಬೇಕಂತ ಈಗ ತಿಳೀತು" ಎನ್ನುತ್ತಿದ್ದಳು. ಊಟ ಮಾಡತೊಡಗಿದಳು. ಗೆಳತಿಯರು ಬಂದರೆ ಬಾಗಿಲು ತೆರೆದಳು. ಅವರೂ ಸುತ್ತ ಕೂತು ವಾದ ಮಾಡುತ್ತಿದ್ದರು: ಜೋರಾಗಿ ಎಸೆಯಬೇಕಿತ್ತು, ಇಲ್ಲ, ನಿಧಾನವಾಗಿ. ನನ್ನ ಪಡಸಾಲೆ ಮೈದಾನವಾಗಿತ್ತು.

ಆಟ ಆರಿಸುವವರಿಗೆ ನನ್ನ ಸಲಹೆ ಇಷ್ಟೇ. ನಿಮಗೆ ಕೈಗೆ ಕೆಲಸ ಬೇಕೋ, ಕಣ್ಣಿಗೆ ಹಬ್ಬ ಬೇಕೋ, ತಲೆಗೆ ಮೇವು ಬೇಕೋ, ಅದನ್ನು ನೀವೇ ಕೇಳಿಕೊಳ್ಳಿ. ಬೇರೆಯವರ ಬೆಸ್ಟ್ ನಿಮ್ಮ ಬೆಸ್ಟ್ ಆಗಬೇಕಿಲ್ಲ.

ಇಲ್ಲಿಗೆ ಮುಗಿದಿದ್ದರೆ ನನಗೇಕೆ ಸಿಟ್ಟು?

ಒಂದು ಭಾನುವಾರ ಇಬ್ಬರೂ ಮಾನ್ವಿಗೆ ಹೋದೆವು. ಗೌರಿ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು ಅಕ್ಕನ ಜೊತೆ ಸ್ನಾನದ ಮನೆಗೆ ಹೋದಳು, ಒಂದೇ ಕೈಯಲ್ಲಿ ತಲೆ ತೊಳೆದುಕೊಳ್ಳಲು ಆಗುವುದಿಲ್ಲವಲ್ಲ. ನಾನು ಹಿತ್ತಲಲ್ಲಿ ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತಿದ್ದೆ. ಮುಂದಿನದು ನಾನು ಒಳಗೆ ಬಂದ ಮೇಲೆ ಮಂಜುವೇ ಹೇಳಿದ್ದು. ಭಾವ ಅವನ ಜೊತೆ ಮಿಲ್‌ನಿಂದ ಬಂದರು. ಪರದೆ ತುಂಬ ತಂಡಗಳ ಹೆಸರು, ಅಂಕಿ. ನೋಡಿದವರಿಗೆ ಅರ್ಥವಾದದ್ದು ಒಂದೇ.

"ಮಟ್ಕಾ ಇದು. ನನ್ನ ಮಗಳು ಮಟ್ಕಾ ಆಡಾಕತ್ಯಾಳ. ಮಂಜು, ತಗದ್ ಹಾಕು ಇದನ್ನ."

ಮಂಜು ತೆಗೆದುಹಾಕಿದ. ತಂಗಿಯನ್ನು ಕೂಗಿ ಕೇಳಲಿಲ್ಲ. ಆಟವೂ ಹೋಯಿತು, ಅದರಲ್ಲಿ ಅವಳು ಇಷ್ಟು ದಿನ ಆಡಿ ಉಳಿಸಿಟ್ಟಿದ್ದ ಸೀಸನ್ನೂ ಹೋಯಿತು. ನಾನು ಒಳಗೆ ಬಂದಾಗ ಅವನು ಲ್ಯಾಪ್‌ಟಾಪ್ ಮುಚ್ಚಿ ತನ್ನ ಮೊಬೈಲ್ ನೋಡುತ್ತ ಕೂತಿದ್ದ. ಮೊಬೈಲಿನಲ್ಲಿ ಏನಿತ್ತು ಗೊತ್ತೇ? ಗೆಳೆಯರ ವಾಟ್ಸ್ಯಾಪ್ ಗುಂಪು. ಆ ಸಂಜೆಯ ಕ್ರಿಕೆಟ್ ಮ್ಯಾಚಿನ ಮೇಲೆ ಬಾಜಿ ನಡೆದಿತ್ತು.

ನಾನು ಕೇಳಿದೆ, "ಭಾವಾ, ಮಂಜು ಏನ್ ಮಾಡಾಕತ್ತಾನ ನೋಡಿರೇನು?"

"ಅಂವ ಗಂಡು ಹುಡುಗ, ನಾಕ್ ಮಂದಿ ಜೊತಿ ಇರ್ತಾನ. ಬಾಜಿ ಕಟ್ಟತಾನ, ಬಿಡ್ತಾನ. ಅದು ಬ್ಯಾರೆ."

"ಬಾಜಿ ಕಟ್ಟಿದ್ದು ಅಂವ. ಆಟ ಕಳಕೊಂಡಾಕಿ ಇಕಿ. ಬ್ಯಾರೆ ಹೆಂಗ್ರಿ?"

ಅಷ್ಟರಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಗೌರಿ ಬಂದಳು. ಲ್ಯಾಪ್‌ಟಾಪ್ ತೆರೆದಳು, ಹುಡುಕಿದಳು, ಮಂಜುವಿನ ಮುಖ ನೋಡಿದಳು. ಅವನು ಅಪ್ಪನ ಕಡೆ ನೋಡಿದ. ಅವಳಿಗೆ ತಿಳಿಯಿತು. ಅಳಲಿಲ್ಲ. ಕೂಗಲಿಲ್ಲ. ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, "ಚಿಗವ್ವ, ಬಸ್ ಎಷ್ಟೊತ್ತಿಗದ?" ಎಂದಳು.

ಅಕ್ಕ ಹಿಂದೆ ಹಿಂದೆ ಬಂದು, "ಬರೇ ಗೇಮಿಗೆ ಇಷ್ಟ್ಯಾಕ್ ಸಿಟ್ಟವ್ವಾ, ಉಂಡ್ ಹೋಗ್ರಿ" ಎಂದಳು.

ಈ 'ಬರೇ' ಎಂಬ ಪದವನ್ನು ಕಂಡರೆ ನನಗೆ ಆಗದು. ಗಂಡುಮಕ್ಕಳ ಚಟಕ್ಕೆ 'ವಯಸ್ಸು' ಎಂದು ಹೆಸರು. ಹೆಣ್ಣುಮಕ್ಕಳ ಆಸಕ್ತಿಗೆ 'ಬರೇ'. ಬರೇ ಆಟ, ಬರೇ ಹಾಡು, ಬರೇ ಓದು. ಹಾಗೆ ಒಂದೊಂದನ್ನೇ ಕಿತ್ತು ತೆಗೆದ ಮೇಲೆ ಆ ಹುಡುಗಿಯಲ್ಲಿ ಉಳಿಯುವುದೇನು? ಕೈಯಲ್ಲಿ ಚಹಾದ ಟ್ರೇ ಹಿಡಿದು ಬರುವ ಒಂದು ಸೀರೆ.

ಬಸ್ಸಿನಲ್ಲಿ ಗೌರಿ ಕಿಟಕಿಯ ಕಡೆ ಕೂತಿದ್ದಳು. ಹೊರಗೆ ಭತ್ತದ ಗದ್ದೆಗಳು. ನನ್ನ ಕಡೆ ತಿರುಗಿ ಹೇಳಿದಳು. "ಹೆಂಗೂ ಮೊದಲ್ನಿಂದ ಶುರು ಮಾಡ್ಬೇಕು. ಈ ಸಲ ಮಾನ್ವಿ ಟೀಮ್ ಬ್ಯಾಡ. ಮಸರಕಲ್ ತಗೋತೀನಿ." ಹಾಗೆಯೇ ಮಾಡಿದಳು. ನಾನು ಚಹಾ ಮಾಡಿಕೊಟ್ಟೆ.

ಕಳೆದ ವಾರ ರಾಯಚೂರಿನಲ್ಲಿ ಕಾಲೇಜುಗಳ ನಡುವಿನ ಮ್ಯಾಚ್ ಇತ್ತು. ಗೌರಿ ಆಡುವಂತಿರಲಿಲ್ಲ. ಅವಳ ಜಾಗದಲ್ಲಿ ಹೊಸ ಹುಡುಗಿ ಕೂತಿದ್ದಳು, ಯಾವಾಗ ಏನು ಎಸೆಯಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಕೋಚ್ ಮೇಡಂ ಗೌರಿಯನ್ನು ಬೆಂಚಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, "ಸನ್ನಿ ನೀ ಮಾಡು, ಆಕಿ ನಿನ್ನ ನೋಡ್ತಾಳ" ಎಂದರು. ಗೌರಿ ಎಡಗೈಯಲ್ಲಿ ಮೂಗು ಮುಟ್ಟಿದರೆ ಒಂದು ಅರ್ಥ, ಕಿವಿ ಮುಟ್ಟಿದರೆ ಇನ್ನೊಂದು. ಆಟದುದ್ದಕ್ಕೂ ಆ ಕೈ ಸುಮ್ಮನಿರಲಿಲ್ಲ.

ಭಾವ ಅಂದು ಯಾವುದೋ ಕೆಲಸಕ್ಕೆ ರಾಯಚೂರಿಗೆ ಬಂದಿದ್ದರು. ಹಟ ಹಿಡಿದು ನಾನೇ ಕರೆದುಕೊಂಡು ಹೋಗಿದ್ದೆ.

ಕೊನೆಯ ಘಟ್ಟ. ನಮ್ಮವರು ಒಂದು ರನ್ ಮುಂದಿದ್ದರು. ಎದುರಿನವರ ಇಬ್ಬರು ಓಡಲು ತಯಾರಾಗಿ ಬೇಸಿನ ಮೇಲೆ, ಅಂದರೆ ರನ್ನಿನ ದಾರಿಯ ನಡುವಿನ ನಿಲ್ದಾಣದಲ್ಲಿ. ಇನ್ನೊಬ್ಬಳು ಔಟಾದರೆ ಗೆಲುವು, ಅವಳು ಹೊಡೆದರೆ ಸೋಲು. ಬ್ಯಾಟ್ ಹಿಡಿದು ಬಂದವಳು ಅವರ ಟೀಮಿನ ಗಟ್ಟಿ ಆಟಗಾರ್ತಿ. ಎರಡು ಚೆಂಡು ಜೋರಾಗಿ ಬಂದವು. ಎರಡನ್ನೂ ಬೀಸಿ ಹೊಡೆದಳು, ಎರಡೂ ಪಕ್ಕದ ಗೆರೆಯಾಚೆ ಹೋದವು. ಈ ಆಟದಲ್ಲಿ ಅದು ತಪ್ಪು ಹೊಡೆತ, ಎರಡರ ಮೇಲೆ ಮೂರನೆಯದನ್ನು ಬೀಸಿ ತಪ್ಪಿಸಿಕೊಂಡರೆ ಔಟ್. ಎಲ್ಲರೂ ಇನ್ನೊಂದು ಜೋರಿನ ಚೆಂಡು ಕಾಯುತ್ತಿದ್ದರು. ಗೌರಿ ಕಿವಿ ಮುಟ್ಟಿದಳು. ನಿಧಾನ.

ಚೆಂಡು ಬರುವ ಮೊದಲೇ ಬ್ಯಾಟಿನವಳು ಬೀಸಿ ಮುಗಿಸಿದ್ದಳು. ಚೆಂಡು ಆಮೇಲೆ ಬಂದು ಹೊಸ ಕ್ಯಾಚರ್ ಹುಡುಗಿಯ ಕೈಸೇರಿತು. ಔಟ್. ಹುಡುಗಿಯರೆಲ್ಲ ಬೆಂಚಿನ ಕಡೆ ಓಡಿ ಬಂದರು, ಆದರೆ ಭುಜದ ನೆನಪಾಗಿ ಗೌರಿಯನ್ನು ಮುಟ್ಟದೆ ಸುತ್ತ ನಿಂತು ಕುಣಿದರು.

ಭಾವ ನಕ್ಕರು. ಮಗಳ ತಲೆ ಸವರಿದರು. "ಲಕ್ ಹೊಡೀತ್ ನೋಡವ್ವಾ" ಎಂದರು.

"ಲಕ್ ಅಲ್ಲಪ್ಪಾ" ಎಂದಳು ಗೌರಿ. "ಆಕಿ ಎರಡು ಸಲಾನೂ ಅವಸರ ಮಾಡಿ ಬೀಸಿದ್ಲು. ಅದಕ್ಕ ಚೆಂಡು ಗೆರಿ ದಾಟಿ ಹೋತು. ಅವಸರ ಮಾಡೋರಿಗೆ ನಿಧಾನ ಕೊಡ್ಬೇಕು. ಇದನ್ನ ಆ ಗೇಮಿನಾಗ ಎಷ್ಟ್ ಸಲ ಸೋತು ಕಲ್ತೀನೋ."

"ಇರ್ಲಿ, ಇರ್ಲಿ" ಎಂದರು ಭಾವ. "ದೇವ್ರು ದೊಡ್ಡಾಂವ. ಇವತ್ತು ನಿಮ್ಮ ಲಕ್ ಚಲೋ ಇತ್ತು."

ಗೌರಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಆ ಸುಸ್ತು ಕಂಡು ಮೈದಾನದಲ್ಲಿ, ಅಷ್ಟು ಜನರ ನಡುವೆ ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಭಾವ ಈ ಪೇಪರ್ ಓದುತ್ತಾರೆ.

ಭಾವಾ, ತಲಿ ಓಡ್ಸಿ ಗೆದ್ದಾಕಿ ನಿಮ್ಮ ಮಗಳು, ಹಾರ ಯಾಕ್ರಿ ಲಕ್ಕಿನ ಕೊರಳಿಗೆ ಹಾಕ್ತೀರಿ?