ಕೂಸಿನ ಕೊರಳಿನ ಹಳದಿ ಮಣಿ

ನನ್ನ ನಾದಿನಿಗೆ ಎಲ್ಲ ಕಾಯಿಲೆಗೂ ಒಂದೊಂದು ಔಷಧ ಗೊತ್ತು. ಎಲ್ಲವೂ ಮೊಬೈಲಿನಲ್ಲಿ ಗೊತ್ತಾದದ್ದೇ. ಬೆಳಗಾವಿಯಲ್ಲಿ ಅವಳ ಗಂಡನ ಮನೆ. ಆಗಾಗ ಖಾನಾಪುರದ ತವರಿಗೆ ಬಂದು ನಮ್ಮನ್ನೆಲ್ಲ ತಿದ್ದಿ ಹೋಗುವುದು ಅವಳ ರೂಢಿ. ನನ್ನ ಮಗಳಿಗೆ ಹಲ್ಲು ಮೂಡುವ ಹೊತ್ತಿಗೆ ಒಂದು ಅಂಬರ್ ಸರ ತಂದಳು. ಸಣ್ಣ ಸಣ್ಣ ಹಳದಿ ಮಣಿ, ಬೆಲ್ಲದ ಪಾಕದ ಬಣ್ಣ. ಯಾವುದೋ ಮರದ ಅಂಟು ಯುಗಯುಗಗಳ ಕಾಲ ನೆಲದೊಳಗಿದ್ದು ಗಟ್ಟಿಯಾದದ್ದಂತೆ. ಕೂಸಿನ ಮೈಬಿಸಿಗೆ ಅದರೊಳಗಿನ ಎಣ್ಣೆ ಹೊರಬಂದು, ಚರ್ಮದೊಳಗೆ ಇಳಿದು, ವಸಡಿನ ನೋವು ತೆಗೆಯುತ್ತದಂತೆ.

"ಫಾರಿನ್ನಾಗ ಎಲ್ಲಾ ಕೂಸುಗೋಳ ಕೊರಳಾಗ ಇದ ಇರತೈತ್ರಿ ವೈನಿ," ಎಂದಳು. ಅವಳು ಫಾರಿನ್ನಿಗೆ ಹೋದದ್ದು ನನಗೆ ಗೊತ್ತಿಲ್ಲ. ಗೋವಾಕ್ಕೆ ಹೋಗಿದ್ದಳು.

ನಾನು ಬೇಡವೆಂದೆ. ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಹಲ್ಲು ಬರುವ ಕೂಸಿನ ಕೊರಳಲ್ಲಿ ಏನೂ ಇರಬಾರದು. ಇಂಥ ಸರದಿಂದ ನೋವು ಹೋಗುವುದಿಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ, ಹರಿದರೆ ಮಣಿ ಗಂಟಲಿಗೆ ಹೋಗುತ್ತದೆ. ಕೈ ತೊಳೆದುಕೊಂಡು ಬೆರಳಿನಿಂದ ವಸಡು ತಿಕ್ಕಿ, ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಕಚ್ಚಲು ಕೊಡಿ, ಸಾಕು ಎಂದಿದ್ದರು. ಅಷ್ಟನ್ನೂ ನಾದಿನಿಗೆ ಹೇಳಿದೆ. ಅವಳು ಸರವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಕೊಂಡಿ ಪಟ್ಟನೆ ಬಿಚ್ಚಿಕೊಂಡಿತು.

"ನೋಡ್ರಿ, ಜಗ್ಗಿದ್ರ ತಾನ ಬಿಚ್ಚತೈತಿ. ಹಂಗ ಮಾಡೇ ಕೊಟ್ಟಿರತಾರ."

"ಬಿಚ್ಚಿದ ಮ್ಯಾಲ ಬಾಯಾಗ ಹಾಕ್ಕೊಳ್ಳೂದಿಲ್ಲೇನು?" ಎಂದೆ.

ಅತ್ತೆ ನಡುವೆ ಬಂದರು. "ಅಕಿ ಪ್ರೀತಿಲೇ ತಂದಾಳವಾ. ನಿನಗ ಎಲ್ಲಾದರಾಗೂ ತಪ್ಪೇ ಕಾಣತೈತಿ."

ಸರವನ್ನು ಕಪಾಟಿನ ಮೇಲಿನ ಅರೆಯಲ್ಲಿಟ್ಟೆ. ಪ್ರೀತಿಯಿಂದ ತಂದದ್ದನ್ನು ಕಸದ ಬುಟ್ಟಿಗೆ ಹಾಕಲು ನಮ್ಮ ಮನೆಯಲ್ಲಿ ಸೊಸೆಗೆ ಅಧಿಕಾರವಿಲ್ಲ.

ನನ್ನ ಕೆಲಸ ಬೆಳಗಾವಿಯ ಒಂದು ಆಫೀಸಿನಲ್ಲಿ. ಬೆಳಿಗ್ಗೆ ರೈಲು ಹತ್ತಿದರೆ ಮತ್ತೆ ಮನೆ ಕಾಣುವುದು ಸಂಜೆಗೆ. ಅಲ್ಲಿಯವರೆಗೆ ಕೂಸು ಅತ್ತೆಯ ಕೈಯಲ್ಲಿ. ಎಷ್ಟು ಪುಣ್ಯ ಮಾಡಿದ್ದೀ ಎಂದು ಓಣಿಯ ಹೆಂಗಸರೆಲ್ಲ ಹೇಳುತ್ತಿದ್ದರು. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿ ಹೋಗಿತ್ತು. ಒಂದು ಸಂಜೆ ಮಗಳ ಕೊರಳಿನ ಮಡಿಕೆಯಲ್ಲಿ ಕೆಂಪು ಗೆರೆ ಕಂಡಿತು. ಕೇಳಿದ್ದಕ್ಕೆ ಅತ್ತೆ, "ಬೆವರಸಾಲಿ ಆಗೇತಿ," ಎಂದರು. ನಂಬಿದೆ.

ಬೆವರುಸಾಲೆ ಅಲ್ಲವೆಂದು ಆಮೇಲೆ ತಿಳಿಯಿತು. ನಾನು ಹೊಸ್ತಿಲು ದಾಟಿದ ಕೂಡಲೇ ಸರ ಕೊರಳಿಗೆ ಬರುತ್ತಿತ್ತು. ಸಂಜೆ ನನ್ನ ರೈಲು ದಾರಿಯ ದೇಸೂರು ಸ್ಟೇಷನ್ನಿಗೆ ಬಂದಾಗ ನಾನೇ ಫೋನು ಮಾಡಿ ಹೇಳುತ್ತಿದ್ದೆನಲ್ಲ, ಆಗ ಕಪಾಟಿಗೆ ಹೋಗುತ್ತಿತ್ತು. ಆದರೆ ಕೂಸು ಜಗ್ಗಿದಾಗಲೆಲ್ಲ ಕೊಂಡಿ ಬಿಚ್ಚಿ ಸರ ಕೆಳಗೆ ಬೀಳುವುದು ಅತ್ತೆಗೆ ಸರಿಬರಲಿಲ್ಲ. ಮಕ್ಕಳ ಕೊರಳಿನದು ನೆಲಕ್ಕೆ ಬೀಳುವುದು ಅವರ ಲೆಕ್ಕದಲ್ಲಿ ಅಪಶಕುನ. ಕೊಂಡಿ ಕಿತ್ತೆಸೆದರು. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಶಿವದಾರಕ್ಕೆಂದು ಮನೆಯಲ್ಲೇ ಹೊಸೆದಿಟ್ಟ ನೂಲು ಇತ್ತು. ಆ ನೂಲಿನಲ್ಲಿ ಮಣಿಗಳನ್ನು ಹೊಸದಾಗಿ ಪೋಣಿಸಿ ಗಂಟು ಬಿಗಿದರು. ಶಿವದಾರ ಜೀವ ಇರುವವರೆಗೂ ಹರಿಯಬಾರದೆಂದು ಹೊಸೆಯುವ ದಾರ. ತಲೆಯ ಮೇಲಿಂದ ಹಾಕಿ ತೆಗೆಯುವಷ್ಟು ಸಡಿಲ ಬಿಟ್ಟಿದ್ದರು. ಆ ಸಡಿಲವೇ ಘಾತ ಮಾಡಿತು.

ಒಂದು ದಿನ ತಲೆನೋವೆಂದು ಅರ್ಧ ದಿನದ ರಜೆ ಹಾಕಿ ಬಸ್ಸಿನಲ್ಲಿ ಬಂದೆ. ಫೋನು ಮಾಡಿರಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಈಳಿಗೆಯ ಮುಂದೆ ಕೂತು ಚವಳಿಕಾಯಿ ಹೆಚ್ಚುತ್ತಿದ್ದರು. "ಈಗಿನ್ನ ಮಲಗ್ಯಾಳ, ಎಬ್ಬಸಬ್ಯಾಡ," ಎಂದರು. ನಡುಮನೆಗೆ ಹೋದೆ.

ಮಗಳು ಮಲಗಿರಲಿಲ್ಲ. ಹಿಡಿದುಕೊಂಡು ಎದ್ದು ನಿಲ್ಲುವುದನ್ನು ಆಗಷ್ಟೇ ಕಲಿತಿದ್ದಳು. ತೊಟ್ಟಿಲಿನ ಅಂಚಿಗೆ ಗೊಂಬೆ ತೂಗುಹಾಕುವ ಮರದ ಗೂಟವಿದೆ. ಎದ್ದು ನಿಂತಾಗ ಸರ ಆ ಗೂಟಕ್ಕೆ ಸಿಕ್ಕಿಕೊಂಡಿತ್ತು, ಆಮೇಲೆ ಕಾಲು ಜಾರಿತ್ತು. ಮೊಣಕಾಲು ಮಡಿಚಿಕೊಂಡು ಜೋತುಬಿದ್ದಿದ್ದಳು. ಅಳು ಇಲ್ಲ. ಗಂಟಲಿನಿಂದ ಬಿಕ್ಕಳಿಕೆಯಂಥ ಒಂದು ಸಣ್ಣ ಸದ್ದು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

ದಾರವನ್ನು ಜಗ್ಗಿದೆ. ಹರಿಯಲಿಲ್ಲ. ಕೂಸನ್ನು ಮೇಲೆತ್ತಿದಾಗ ದಾರ ಸಡಿಲಾಗಿ ಗೂಟದಿಂದ ಕಳಚಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಉಸಿರೆಳೆದುಕೊಂಡು ಚೀರಿದಳು. ಅಷ್ಟು ಚಂದದ ಸದ್ದನ್ನು ನಾನು ಕೇಳಿಯೇ ಇಲ್ಲ.

ಸರವನ್ನು ಅವಳ ತಲೆಯ ಮೇಲಿಂದ ತೆಗೆದು, ಕೂಸನ್ನು ಎತ್ತಿಕೊಂಡೇ ಹೋಗಿ ಅತ್ತೆಯ ಕಣ್ಣೆದುರೇ ಅವರ ಈಳಿಗೆಗೆ ಒತ್ತಿ ಕೊಯ್ದೆ. ಮಣಿಗಳು ಚವಳಿಕಾಯಿಯ ನಡುವೆ ಉರುಳಿದವು. ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಕೂಸಿನ ಕುತ್ತಿಗೆ ತೋರಿಸಿದೆ. ಬಾಯಿಗೆ ಸೆರಗು ಒತ್ತಿಕೊಂಡರು. ಆದರೆ ಹೊರಬಂದ ಮೊದಲ ಮಾತು ಇದು:

"ಗಂಟ ಬಿಚ್ಚಬೇಕಾಗಿತ್ತು. ಕೊಯ್ಯೂದು ಯಾಕಿತ್ತ?"

ಅಲ್ಲಿಯವರೆಗೆ ತಡೆದುಕೊಂಡದ್ದೆಲ್ಲ ಹೊರಬಂತು. ನಮ್ಮ ಮನೆಯಲ್ಲಿ ಕೂಸು ಹುಟ್ಟಿದ ಕೆಲವು ದಿನಕ್ಕೆ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಆ ಲಿಂಗ ಈಗಲೂ ನನ್ನ ಕೊರಳಲ್ಲಿ, ನನ್ನದರ ಜೊತೆಗಿದೆ. ಕೂಸಿನ ಕೊರಳಿಗೆ ದಾರ ಬೇಡ, ದೊಡ್ಡವಳಾಗುವವರೆಗೆ ತಾಯಿಯೇ ಕಟ್ಟಿಕೊಳ್ಳಬೇಕು ಎಂದು ಅದನ್ನು ನನಗೆ ಕಟ್ಟಿಸಿದವರು ಇದೇ ಅತ್ತೆ. ಆ ಎರಡು ಲಿಂಗಗಳನ್ನು ಹೊರಗೆಳೆದು ಅವರ ಮುಖಕ್ಕೆ ಹಿಡಿದೆ.

"ದೇವರನ್ನೂ ಕೂಸಿನ ಕೊರಳಾಗ ಬಿಡಲಿಲ್ಲ ನೀವು! ಇದೇನು, ದೇವರಕಿಂತ ದೊಡ್ಡದೇನ್ರಿ?"

ಅತ್ತೆ ಬಗ್ಗಿ ಚವಳಿಕಾಯಿಯ ನಡುವಿನ ಮಣಿಗಳನ್ನು ಆರಿಸತೊಡಗಿದರು.

ಊರಿನ ಡಾಕ್ಟರಿಗೆ ತೋರಿಸಿದೆವು. ಉಸಿರು ಸರಿಯಿದೆ, ಚರ್ಮಕ್ಕಷ್ಟೇ ಪೆಟ್ಟು, ಆದರೂ ಇವತ್ತು ರಾತ್ರಿ ಕಣ್ಣಿಟ್ಟಿರಿ ಎಂದರು. ನಾದಿನಿಗೆ ಫೋನು ಮಾಡಿದೆ. ಅವಳಿಗೆ ಸಿಟ್ಟು ಬಂತು, ನನ್ನ ಮೇಲೆ.

"ನಾ ತಂದಿದ್ದ ಸರ ತಾನ ಬಿಚ್ಚತಿತ್ರಿ. ಅವ್ವ ದಾರ ಬದಲಿ ಮಾಡಿದ್ರ ನಾ ಏನ ಮಾಡ್ಲಿ?"

ಅತ್ತೆಯನ್ನು ಕೇಳಿದರೆ, ತಂದವಳು ಮಗಳು, ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳದವಳು ಸೊಸೆ. ಸಂಜೆ ಗಂಡ ಬೆಳಗಾವಿಯ ಆಟೋ ನಗರದ ತನ್ನ ಗ್ಯಾರೇಜಿನಿಂದ ಬಂದ. ಬ್ರೇಕು ಸರಿಯಿಲ್ಲದ ಗಾಡಿಯನ್ನು ಗಿರಾಕಿ ಎಷ್ಟು ಗೋಗರೆದರೂ ಹೊರಗೆ ಬಿಡದ ಮನುಷ್ಯ. ಎಲ್ಲ ಕೇಳಿ, ಕೈಗೆ ಅಂಟಿದ ಆಯಿಲು ಒರೆಸಿಕೊಳ್ಳುತ್ತ, "ಏನೂ ಆಗಿಲ್ಲಲ್ಲ, ಸುಮ್ನ ಬಿಡು. ಅವ್ವನ ವಯಸ್ಸರೇ ನೋಡು," ಎಂದ. ಮದುವೆಯಾದಾಗಿನಿಂದ ಅವನ ಮೇಲೆ ಅಷ್ಟು ಹೇಸಿಕೆ ನನಗೆಂದೂ ಬಂದಿರಲಿಲ್ಲ.

ಮರುದಿನ ರಜೆ ಹಾಕಿದೆ. ಅದರ ಮರುದಿನ ಆಫೀಸಿನವರು ಒಪ್ಪಲಿಲ್ಲ. ನನ್ನ ಅವ್ವ ತೀರಿಕೊಂಡು ಬಹಳ ಕಾಲವಾಯಿತು. ಕೂಸನ್ನು ಬಿಡಲು ಊರಿನಲ್ಲಿ ಬೇರೆ ಮನೆಯಿಲ್ಲ, ಕೆಲಸ ಬಿಡುವ ಹಾಗೂ ಇಲ್ಲ. ಬ್ಯಾಗು ಹೆಗಲಿಗೇರಿಸಿ ಮಗಳನ್ನು ಎತ್ತಿಕೊಂಡು ಬಾಗಿಲಿಗೆ ಬಂದೆ. ಅತ್ತೆ ಅಲ್ಲಿಯೇ ನಿಂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಕೂಸಿನ ಅಂಗಿಯ ಗುಂಡಿ ಬಿಚ್ಚಿ, ಗದ್ದ ಮೇಲೆತ್ತಿ ತೋರಿಸಿದರು.

"ನೋಡ್ಕೋ. ಏನೂ ಇಲ್ಲ."

ನೋಡಿದೆ. ಮಡಿಕೆಯೊಳಗೆ ಬೆರಳಾಡಿಸಿಯೂ ನೋಡಿದೆ. ಗೆರೆ ಇನ್ನೂ ಮಾಸಿರಲಿಲ್ಲ. ಅತ್ತೆ ನನ್ನ ಬೆರಳನ್ನೇ ನೋಡುತ್ತಿದ್ದರು.

"ನನ್ನ ಮ್ಯಾಲ ನಂಬಿಕಿ ಇಲ್ಲೇನು ನಿನಗ?"

"ಇಲ್ರಿ," ಎಂದೆ.

ಮತ್ತೆ ಮಗಳನ್ನು ಅವರ ಕೈಗೇ ಕೊಟ್ಟು ಸ್ಟೇಷನ್ನಿಗೆ ನಡೆದೆ.