ಕೊಳಾಯಿ ಮಹಡಿ ಮೇಲಿದ್ದ ಕಾಲ

ಚಿತ್ರ ಬರೆಯುವವರಿಗೆ ಒಂದು ಕೆಟ್ಟ ಚಾಳಿ ಇದೆ. ಚಿತ್ರ ಕೆಟ್ಟರೆ ತಪ್ಪನ್ನು ಊರಿನ ಮೇಲೆ ಹಾಕಿಬಿಡುತ್ತಾರೆ. ನನಗಂತೂ ಇದು ಮೊದಲಿನಿಂದಲೂ ಇದೆ. ಆಕಾಶ ಕೊಳಕಾಗಿ ಬಂದರೆ ಊರಿನ ಬೆಳಕು ಸರಿಯಿಲ್ಲ, ಮುಖಗಳೆಲ್ಲ ಒಂದೇ ತರ ಬಂದರೆ ಊರಿನ ಜನ ಸರಿಯಿಲ್ಲ, ಏನೂ ಬಾರದೆ ಕ್ಯಾನ್‌ವಾಸು ಬೋಳಾಗಿಯೇ ಕೂತರೆ ಮನೆ ಓನರು ಸರಿಯಿಲ್ಲ. ಕಲಾವಿದರು ನೆಮ್ಮದಿಯಾಗಿ ಬದುಕಬಹುದಾದ ಊರೊಂದು ಎಲ್ಲೋ ಇದೆ, ಅದರ ವಿಳಾಸವನ್ನು ಮಾತ್ರ ಯಾರೂ ನನಗೆ ಹೇಳುತ್ತಿಲ್ಲ ಎಂದು ನಂಬಿಕೊಂಡೇ ನಾನು ಅರ್ಧ ಆಯಸ್ಸು ಕಳೆದೆ.

ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಡ್ರಾಯಿಂಗ್ ಮೇಷ್ಟ್ರು ಎಂದರೆ ಬೀದಿಗೆಲ್ಲ ಸೇರಿದ ಕುಂಚ. ಪಕ್ಕದ ಮನೆ ಹುಡುಗಿಯ ವಿಜ್ಞಾನದ ಚಾರ್ಟು ನನ್ನದು. ಎದುರು ಮನೆ ಮದುವೆಯಲ್ಲಿ ಥರ್ಮಾಕೋಲಿನ ಮೇಲೆ ಹೆಣ್ಣು ಗಂಡಿನ ಹೆಸರು ಬರೆಯುವುದು ನನ್ನದು. ಗಣೇಶನ ಹಬ್ಬ ಬಂದರೆ ಪೆಂಡಾಲಿನ ಹಿಂದೆ ಹಿಮಾಲಯ ಎಬ್ಬಿಸುವುದೂ ನನ್ನದೇ. ಆಗೋದಿಲ್ಲ ಎಂದರೆ ಜಂಬ ಅನ್ನುತ್ತಿದ್ದರು. ನನ್ನ ಸ್ವಂತ ಚಿತ್ರಕ್ಕೆ ಕೂತಾಗ ಮಾತ್ರ ಮನೆ ಓನರು ಬಾಗಿಲಲ್ಲಿ ನಿಂತು, ಟರ್ಪೆಂಟೈನ್ ವಾಸನೆಗೆ ತಲೆನೋವು ಬರುತ್ತೆ ಎನ್ನುತ್ತಿದ್ದರು. ಕೆಲಸ ಬಿಟ್ಟ ದಿನವೇ ಊರನ್ನೂ ಬಿಡುವುದೆಂದು ತೀರ್ಮಾನಿಸಿದೆ. ಒಂಟಿ ಮನುಷ್ಯ, ಸಾಮಾನೂ ಕಡಿಮೆ. ಒಂದು ನೋಟ್‌ಬುಕ್ ತೆಗೆದು, ಕಲಾವಿದರಿಗೆ ಹೊಂದುವ ಊರಿನಲ್ಲಿ ಏನೇನು ಇರಬೇಕೆಂದು ಪಟ್ಟಿ ಮಾಡಿದೆ. ಉತ್ತರಕ್ಕೊಂದು ಕಿಟಕಿ, ಕಡಿಮೆ ಬಾಡಿಗೆ, ಒಳ್ಳೆಯ ಟೀ, ಹಿಮಾಲಯ ಕೇಳದ ಜನ.

ಇಂಥ ಊರು ಹಿಂದೆಯಾದರೂ ಇತ್ತೆ ಎಂಬ ಅನುಮಾನ ನನಗೆ ಆಗಾಗ ಬರುತ್ತದೆ. ನಮ್ಮ ಹಳೆಯ ಗುಡಿಗಳಲ್ಲಿ ಕೆಲವು ಶಿಲ್ಪಿಗಳು ವಿಗ್ರಹದ ಕಾಲಬುಡದಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ; ಹೆಸರಿನ ಜೊತೆಗೆ ತಮ್ಮ ಊರನ್ನೂ ಕೆತ್ತಿದ್ದಾರೆ. ವಿದ್ವಾಂಸರು ಅದನ್ನು ಓದಿ, ಶಿಲ್ಪಿ ಎಲ್ಲಿಂದ ಬಂದವನೆಂದು ಚರ್ಚೆ ಮಾಡುತ್ತಾರೆ. ನನಗೆ ಹೊಳೆಯುವ ಪ್ರಶ್ನೆಯೇ ಬೇರೆ. ಅಷ್ಟು ದೂರ ಬಂದು ಕೂತು ಕಲ್ಲಿನಲ್ಲಿ ಊರಿನ ಹೆಸರು ಬರೆಯಬೇಕಾದರೆ ಆ ಮನುಷ್ಯನಿಗೆ ಊರು ಎಷ್ಟು ನೆನಪಾಗಿರಬೇಕು. ಉಳಿಯ ಸದ್ದಿಗೆ ಅವನೂರಿನ ನೆರೆಯವರು ಬೈದಿದ್ದರೋ ಏನೋ, ಊರಿನ ಹೆಸರನ್ನಂತೂ ಅವನು ಬಿಡಲಿಲ್ಲ. ನಾನು ಚಿತ್ರದ ಮೂಲೆಯಲ್ಲಿ ಸಹಿ ಹಾಕುತ್ತಿದ್ದೆನೇ ಹೊರತು ಒಮ್ಮೆಯೂ ಊರಿನ ಹೆಸರು ಬರೆದವನಲ್ಲ.

ಪಟ್ಟಿ ಹಿಡಿದು ಹುಡುಕಿದ್ದಕ್ಕೆ ಸಿಕ್ಕಿದ್ದು ಗುಂಡ್ಲುಪೇಟೆ. ಕೇರಳದ ಲಾರಿಗಳು ಸಾಲಾಗಿ ನಿಲ್ಲುವ ರಸ್ತೆಯಲ್ಲಿ ಪುಟ್ಟಬಸಪ್ಪನವರ ಈರುಳ್ಳಿ ಮಂಡಿ, ಅದರ ಮಹಡಿ ಮೇಲೊಂದು ಉದ್ದನೆಯ ಕೋಣೆ. ಕಿಟಕಿ ಉತ್ತರಕ್ಕೇ ಇತ್ತು. ಟರ್ಪೆಂಟೈನ್ ವಾಸನೆ ಬರುತ್ತೆ ಎಂದು ನಾನೇ ಮೊದಲು ಹೇಳಿಕೊಂಡೆ. ಪುಟ್ಟಬಸಪ್ಪನವರು ಕೆಳಗಿನ ಈರುಳ್ಳಿ ರಾಶಿ ತೋರಿಸಿ, "ಇದರ ಮುಂದೆ ನಿಮ್ದು ಯಾವ ವಾಸ್ನೆ ಬುಡಿ ಮೇಷ್ಟ್ರೇ" ಎಂದರು. ಅಲ್ಲಿಗೆ ಮಾತು ಮುಗಿಯಿತು. ಕೋಣೆಯಲ್ಲಿ ಇದ್ದ ಕೊರತೆ ಒಂದೇ. ಮಂಡಿಗೆಲ್ಲ ಸೇರಿ ಕುಡಿಯುವ ನೀರಿನ ಕೊಳಾಯಿ ಇದ್ದದ್ದು ಮಹಡಿಯ ತುದಿಯಲ್ಲಿ. ಅಲ್ಲಿಗೆ ಹೋಗಲು ನನ್ನ ಕೋಣೆ ಹಾದೇ ಹೋಗಬೇಕು.

ಕೆಳಗೆ ಸಾಂಬಾರ್ ಈರುಳ್ಳಿ ಆಯುವ ಹೆಂಗಸರು ಹತ್ತು ಹನ್ನೆರಡು ಜನ. ಅವರಿಗೆ ಬಾಯಾರಿಕೆ ಬಹಳ. ಬಾಯಾರಿಕೆಯೋ, ನನ್ನ ಚಿತ್ರ ನೋಡುವ ಆಸೆಯೋ, ಹೇಳುವುದು ಕಷ್ಟ. ನೀರು ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಚಿತ್ರದ ಮುಂದೆ ನಿಲ್ಲುತ್ತಿದ್ದರು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತೇ ಅವರಲ್ಲಿ ಇರಲಿಲ್ಲ. ಯಾರೋ ಕೆಲಸದವನು ಬೇಲಿ ಕಟ್ಟಿದ್ದನ್ನು ನೋಡಿದ ಹಾಗೆ, ಎಲ್ಲಿ ಸಡಿಲವಾಗಿದೆ ಎಂದು ನೋಡುತ್ತಿದ್ದರು. ಎತ್ತಿನ ಒಂದು ಮಗ್ಗುಲು ಸೊರಗಿದೆ, ರಾಗಿ ಇನ್ನೂ ಕೊಯ್ಲಿಗೆ ಬಂದಿಲ್ಲ, ಇಷ್ಟು ಬಿಸಿಲಲ್ಲಿ ಯಾರೂ ಚೆಂಡುಹೂ ಬಿಡಿಸುವುದಿಲ್ಲ ಎನ್ನುತ್ತಿದ್ದರು.

ಇವರಲ್ಲಿ ಭೀಮನಬೀಡಿನಿಂದ ಬರುತ್ತಿದ್ದ ಮಾದಮ್ಮನ ಕಣ್ಣು ಎಲ್ಲರಿಗಿಂತ ಚುರುಕು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಹುಲ್ಲಿನ ಹೊರೆ ಹೊತ್ತ ಹೆಂಗಸಿನ ಚಿತ್ರವೊಂದನ್ನು ನಾನು ಮುಗಿಸಿ ಕೂತಿದ್ದೆ. ಮಾದಮ್ಮ ಒಂದು ನಿಮಿಷ ನೋಡಿ, "ಇವ್ಳು ನಾಕೆಜ್ಜೆ ಓಗಾಕಿಲ್ಲ ಮೇಷ್ಟ್ರೇ, ಬಿದ್ದೋಯ್ತಳೆ" ಎಂದರು. ಏಕೆ ಎಂದೆ. "ಸಿಂಬೆ ಎಲ್ಲದೆ? ಬರೀ ತಲೆ ಮ್ಯಾಲೆ ಒರೆ ಇಟ್ಟಿದ್ದೀರಲ್ಲ." ಹೊರೆಯ ಕೆಳಗೆ ಬಟ್ಟೆಯ ಸುರುಳಿ ಇರಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಅವರು ಹೋದ ಮೇಲೆ ಕದ್ದುಮುಚ್ಚಿ ಸಿಂಬೆ ಬರೆದೆ. ಅದು ಬಂದದ್ದೇ ಕತ್ತು ನೆಟ್ಟಗಾಯಿತು, ಚಿತ್ರದ ಹೆಂಗಸು ನಡೆಯಲು ಶುರು ಮಾಡಿದಳು. ಮುಂದೆ ಮೈಸೂರಿನ ಪ್ರದರ್ಶನದಲ್ಲಿ ಜನ ನಿಂತು ನೋಡಿದ್ದು ಅದೊಂದೇ ಚಿತ್ರವನ್ನು. ಸಿಂಬೆಯ ಕೆಂಪು ಬಣ್ಣದ ಬಗ್ಗೆ ಯಾರೋ ಕೇಳಿದಾಗ ನಾನು ಗಂಭೀರವಾಗಿ ಕಾಲು ಗಂಟೆ ಮಾತಾಡಿದೆ. ಮಾದಮ್ಮನ ಹೆಸರು ಎತ್ತಲಿಲ್ಲ.

ಆ ಪ್ರದರ್ಶನ ನೋಡಿದ್ದ ಮೈಸೂರಿನ ದೊಡ್ಡ ಮನುಷ್ಯರೊಬ್ಬರು ಒಂದು ದಿನ ಕಾರಿನಲ್ಲಿ ಗುಂಡ್ಲುಪೇಟೆಗೇ ಬಂದರು. ಆಗ ನಾನು ಅರಿಸಿನದ ಹೊಲಕ್ಕೆ ನೀರು ಕಟ್ಟುವ ದೊಡ್ಡ ಚಿತ್ರವೊಂದನ್ನು ಬರೆಯುತ್ತಿದ್ದೆ. ಅವರು ಕನ್ನಡಕ ತೆಗೆದು ಹಾಕಿ ಮಾಡುತ್ತ, ಚಿತ್ರದಲ್ಲಿ ಮೌನ ಇದೆ ಎಂದರು. ನನಗೆ ಮೈಯೆಲ್ಲ ಹಿಗ್ಗು. ಅದೇ ಹೊತ್ತಿಗೆ ಚೊಂಬು ಹಿಡಿದು ಬಂದ ಮಾದಮ್ಮ ನಮ್ಮಿಬ್ಬರ ನಡುವೆ ಇಣುಕಿ, "ಅಲ್ಲಾ ಮೇಷ್ಟ್ರೇ, ಈ ನೀರ್ ಯಾಕೆ ದಿಣ್ಣೆ ಮ್ಯಾಕೆ ಅತ್ತಾ ಅದೆ?" ಎಂದು ಕೇಳಿದರು. ಬಂದವರು ನಕ್ಕುಬಿಟ್ಟರು. ಅದುವರೆಗೆ ಮಾದಮ್ಮನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವನು ನಾನು. "ನಿನಗೇನು ಗೊತ್ತು ಚಿತ್ರದ ವಿಷಯ? ನೀರಿಗೆ ಬಂದವಳು ಕುಡಿದು ಹೋಗು" ಎಂದೆ.

ಮಾದಮ್ಮ ನೀರು ಕುಡಿಯಲಿಲ್ಲ. ಖಾಲಿ ಚೊಂಬು ಹಿಡಿದು ಮೆಟ್ಟಿಲು ಇಳಿದು ಹೋದರು. ಕಾರು ಹೊರಟ ಮೇಲೆ ದೂರ ನಿಂತು ಚಿತ್ರ ನೋಡಿದೆ. ನೀರು ದಿಣ್ಣೆ ಹತ್ತುತ್ತಿದ್ದದ್ದು ನಿಜ. ಕೆಳಗಿಳಿದು ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿತ್ತು. ನಾನು ಇಳಿಯಲಿಲ್ಲ. ಹಳೇ ಚಾಳಿಯಂತೆ ತಪ್ಪನ್ನು ಊರಿನ ಮೇಲೆ ಹಾಕಿ, ತಿಂಗಳು ಕಳೆಯುವುದರೊಳಗೆ ಗಂಟುಮೂಟೆ ಕಟ್ಟಿದೆ.

ಹೋದದ್ದು ಮೈಸೂರಿನ ಹೊರಗಿನ ಒಂದು ಬಡಾವಣೆಗೆ. ಕಲಾವಿದರು, ಕಲೆ ಬಲ್ಲವರು ನಾಲ್ಕಾರು ಮಂದಿ ಅಲ್ಲೇ ಮನೆ ಮಾಡಿದ್ದರು. ನನ್ನ ಪಟ್ಟಿಯಲ್ಲಿದ್ದ ಎಲ್ಲವೂ ಅಲ್ಲಿತ್ತು, ಟೀಯೂ ಚೆನ್ನಾಗಿತ್ತು. ಭಾನುವಾರ ಒಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಅವರ ಚಿತ್ರಕ್ಕೆ ನಾನು ಅದ್ಭುತ ಎನ್ನುತ್ತಿದ್ದೆ, ನನ್ನ ಚಿತ್ರಕ್ಕೆ ಅವರು ಅದ್ಭುತ ಎನ್ನುತ್ತಿದ್ದರು. ಎರಡು ವರ್ಷದಲ್ಲಿ ನಲವತ್ತು ಚಿತ್ರ ಬರೆದೆ. ಒಂದು ಬೆಳಿಗ್ಗೆ ಅಷ್ಟನ್ನೂ ಗೋಡೆಗೆ ಒರಗಿಸಿಟ್ಟು ನೋಡಿದೆ. ಒಂದರಲ್ಲೂ ಯಾರೂ ನಡೆಯುತ್ತಿರಲಿಲ್ಲ. ತಪ್ಪು ಎಲ್ಲಿದೆ ಎಂದು ನನಗೆ ಕಾಣುತ್ತಿರಲಿಲ್ಲ, ಕಂಡು ಹೇಳುವವರ ಬಾಯಿ ಮುಚ್ಚಿಸಿ ಬಂದಿದ್ದೆ.

ಕಳೆದ ವರ್ಷ ಗುಂಡ್ಲುಪೇಟೆಗೆ ವಾಪಸಾದೆ. ಪುಟ್ಟಬಸಪ್ಪನವರಿಗೆ ನನ್ನನ್ನು ಕಂಡು ನಿಜವಾಗಿಯೂ ಸಂತೋಷವಾಯಿತು. "ಬನ್ನಿ ಮೇಷ್ಟ್ರೇ, ರೂಮು ಅಂಗೇ ಅದೆ. ನಿಮ್ಗೆ ಬೇಜಾರಾಗಿ ಓದ್ರಿ ಅಂತ ಆಮೇಕೆ ಗೊತ್ತಾಯ್ತು. ಕೊಳಾಯಿನ ಕೆಳೀಕೆ ಆಕಿಸ್ಬುಟ್ಟಿವ್ನಿ. ಆ ಎಂಗಸ್ರಿಗೂ ಏಳಿವ್ನಿ, ಮೇಷ್ಟ್ರು ಪೇಪರ್‌ನಲ್ಲಿ ಬಂದವ್ರೆ, ದೊಡ್ ಮನ್ಸ, ಏನೂ ಮಾತಾಡ್ಬ್ಯಾಡಿ ಅಂತ. ಇನ್ನೊಂದು ನರಪಿಳ್ಳೆನೂ ಮ್ಯಾಕೆ ಬರಾಕಿಲ್ಲ." ಇಷ್ಟು ಪ್ರೀತಿಯಿಂದ ಹೇಳುವವರಿಗೆ ಏನನ್ನುವುದು? ಒಳ್ಳೇದಾಯ್ತು ಎಂದು ಕೋಣೆ ಸೇರಿದೆ.

ಹದಿನೈದು ದಿನ ಯಾರೂ ಬರಲಿಲ್ಲ. ಕೊನೆಗೆ ನಾನೊಂದು ಉಪಾಯ ಹೂಡಿದೆ. ಈರುಳ್ಳಿ ಹೊಲದ ಚಿತ್ರ ಬರೆದೆ. ಬೇಕೆಂದೇ ಈರುಳ್ಳಿಯನ್ನು ಬದನೆಕಾಯಿಯ ಹಾಗೆ ಗಿಡದಲ್ಲಿ ತೂಗುಬಿಟ್ಟೆ. ಚಿತ್ರದ ಹೆಂಗಸರು ನೆಟ್ಟಗೆ ನಿಂತುಕೊಂಡೇ ಕೀಳುತ್ತಿದ್ದರು. ಇದನ್ನು ನೋಡಿಯೂ ಸುಮ್ಮನಿರುವ ಜೀವ ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಇರಲಾರದು ಎಂದುಕೊಂಡು ಮಾದಮ್ಮನನ್ನು ಕರೆದೆ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದರು. ಚಿತ್ರದ ಮುಂದೆ ನಿಂತರು. ಹುಬ್ಬು ಗಂಟಿಕ್ಕಿತು, ತುಟಿ ಒಂದಿಷ್ಟು ಅಲುಗಿತು. ನಾನು ಕಾದೆ.

"ಚೆನ್ನಾಗದೆ ಸಾ" ಎಂದರು.

"ಸರಿಯಾಗಿ ನೋಡಿ ಮಾದಮ್ಮ, ತಪ್ಪೇನೂ ಇಲ್ವಾ?"

"ನಮ್ಗೇನ್ ಗೊತ್ತಾದದು ಬುಡಿ ಸಾ. ತಿಳ್ದೋರು ಬರ್ದಿರದು."

"ಅವತ್ತು ನಾನು ಹಾಗೆ ಅಂದದ್ದು ತಪ್ಪಾಯ್ತು."

"ಯಾವತ್ತು ಸಾ?" ಎಂದು ಕೇಳಿ, ನಾನು ಹೇಳುವ ಮೊದಲೇ, ಲಾರಿ ಲೋಡಿಗೆ ಹೊತ್ತಾಯ್ತು ಎಂದು ಇಳಿದು ಹೋದರು.

ಕಲಾವಿದರಿಗೆ ಹೊಂದುವ ಊರು ಯಾವುದೆಂದು ಈಗಲೂ ಕೆಲವು ಗೆಳೆಯರು ಫೋನು ಮಾಡಿ ಕೇಳುತ್ತಾರೆ. ಗುಂಡ್ಲುಪೇಟೆ ಎಂದು ಕಣ್ಣುಮುಚ್ಚಿ ಹೇಳುತ್ತೇನೆ. ಊರಿನಲ್ಲಿ ಏನೇನು ಇರಬೇಕೆಂದು ಅಷ್ಟುದ್ದ ಪಟ್ಟಿ ಮಾಡಿದವನು, ಆ ಊರಿಗೆ ನಾನು ಹೇಗಿರಬೇಕೆಂದು ಒಂದು ಸಾಲನ್ನೂ ಬರೆದುಕೊಳ್ಳಲಿಲ್ಲ. ಅದನ್ನು ಮಾತ್ರ ಅವರಿಗೆ ಹೇಳುವುದಿಲ್ಲ. ಈಗ ನನಗೂ ಬಾಯಾರಿಕೆ ಜಾಸ್ತಿ. ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಇಳಿದು ಕೊಳಾಯಿಯ ಹತ್ತಿರ ಹೋಗುತ್ತೇನೆ. ಇಳಿಯುವಾಗ ಹೆಂಗಸರ ಮಾತು, ನಗು ಎಲ್ಲ ಕೇಳಿಸುತ್ತಿರುತ್ತದೆ. ನನ್ನನ್ನು ಕಂಡ ಕೂಡಲೇ ಮಾತು ನಿಲ್ಲಿಸಿ, ಪಕ್ಕಕ್ಕೆ ಸರಿದು, ಚೊಂಬು ತೊಳೆದು ಮೊದಲು ನನಗೆ ಕೊಡುತ್ತಾರೆ.