ತಮ್ಮನ ಸರದಿ

ಮೊನ್ನೆ ಹಗರಿಬೊಮ್ಮನಹಳ್ಳಿಯ ಗುಜರಿ ಅಂಗಡಿಯಲ್ಲಿ ನಮ್ಮ ಹಳೆಯ ಕಚೇರಿಯ ವೈರ್‌ಲೆಸ್ ಸೆಟ್ಟಿನ ಮೈಕು ಕೈಗೆ ಸಿಕ್ಕಿತು. ಮೂಗಿನ ಹತ್ತಿರ ಹಿಡಿದರೆ ಅತ್ತರಿನ ವಾಸನೆ. ಇಷ್ಟು ವರ್ಷವಾದರೂ... ಚಾಚಾ ಪಕ್ಕದಲ್ಲೇ ಬಂದು ನಿಂತಂತಾಯಿತು.

ಹೊಳೆಯ ನೀರು ಅಳೆಯುವ ಆ ಕಚೇರಿಯಲ್ಲಿ ನಾನು ಟೈಪಿಸ್ಟ್, ಅವರು ವೈರ್‌ಲೆಸ್ ನೋಡಿಕೊಳ್ಳುವವರು. ಎಲ್ಲರ ಬಾಯಲ್ಲೂ ಚಾಚಾ. ಮೊದಲು ಅತ್ತರು ಒಳಗೆ ಬರುತ್ತದೆ, ಆಮೇಲೆ ಚಾಚಾ ಬರುತ್ತಾರೆ ಎಂದು ನಾವು ನಗುತ್ತಿದ್ದೆವು. ಆಗೆಲ್ಲ ತುಂಗಭದ್ರೆಯ ದಂಡೆಯುದ್ದಕ್ಕೂ ಆಳುಗಳು ಕೂತು, ನೀರಿನ ಮಟ್ಟ ನೋಡಿ, ಸರದಿಯ ಪ್ರಕಾರ ಒಬ್ಬೊಬ್ಬರಾಗಿ ವೈರ್‌ಲೆಸ್‌ನಲ್ಲಿ ಹೇಳುತ್ತಿದ್ದರು. ಹಂಪಸಾಗರದ ಕಡೆ ಚಾಚಾ ಅವರ ತಮ್ಮನೇ ಇದ್ದ. ಮಾತಿಗೆ ಮುಂಚೆ ಉಗುರಿನಿಂದ ಮೈಕನ್ನು ಎರಡು ಸಲ ತಟ್ಟುವುದು ಅವನ ಚಾಳಿ. ಒಂದು ಮಳೆಗಾಲ ಹೊಳೆ ಅವನನ್ನು ಒಯ್ದಿತು. ಹೆಣವೂ ಸಿಗಲಿಲ್ಲ.

ಆಮೇಲೆ ಆಳುಗಳ ಜಾಗದಲ್ಲಿ ತಾವೇ ನೀರಳೆಯುವ ಸೆನ್ಸರ್ ಕಂಬಗಳು ಬಂದವು. ಹೊಳೆ ಏರಿತೆಂದರೆ ಎಲ್ಲ ಕಂಬಗಳೂ ಒಮ್ಮೆಗೇ ಸುದ್ದಿ ಕಳಿಸುವವು. ಒಂದರ ಮೇಲೊಂದು ಬಿದ್ದು, ನಮಗೆ ಗೊರಗೊರ ಸದ್ದು ಬಿಟ್ಟರೆ ಏನೂ ತಲುಪದು. ಸಂತೆಯಲ್ಲಿ ಎಲ್ಲರೂ ಕೂಗಿದರೆ ಯಾರ ಮಾತು ಕೇಳೀತು? ಚಾಚಾ ಕಂಬಕ್ಕೊಂದು ಸರದಿ ಹಚ್ಚಿದರು. ತನ್ನ ಸರದಿ ಬರುವತನಕ ಕಂಬ ಸುಮ್ಮನಿರಬೇಕು. ಆದರೆ ತಮ್ಮನ ಸರದಿಯನ್ನು ಮಾತ್ರ ಅವರು ಯಾವ ಕಂಬಕ್ಕೂ ಕೊಡಲಿಲ್ಲ. ಅದು ಬಂದಾಗಲೆಲ್ಲ ಮೈಕ್ ಎತ್ತಿ, "ಬೋಲೋ ಛೋಟೇ" ಎಂದು ತಮ್ಮನನ್ನು ಮಾತಿಗೆ ಕರೆಯುವರು. ಸ್ಪೀಕರಿನಲ್ಲಿ ಬರೀ ಉಸಿರಿನಂಥ ಸದ್ದು... ನನ್ನ ಬೆರಳುಗಳು ಟೈಪ್‌ರೈಟರಿನ ಮೇಲೆ ನಿಂತುಬಿಡುತ್ತಿದ್ದವು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗುತ್ತಿತ್ತು.

ಅವತ್ತು ನಮ್ಮಲ್ಲಿ ಸುಡುಬಿಸಿಲು. ಮಳೆ ಎಲ್ಲೋ ಮೇಲಿನ ಸೀಮೆಯಲ್ಲಿ. ಹೊಳೆ ಬಿಸಿಲಿನಲ್ಲೇ ಏರುತ್ತಿತ್ತು. ದಂಡೆಯ ತಗ್ಗಿನಲ್ಲಿ ಕುರಿಯವರ ಸಂಸಾರಗಳು ಹಟ್ಟಿ ಹಾಕಿದ್ದವು. ಸರದಿಗಳೆಲ್ಲ ಹಂಚಿಹೋಗಿ, ಅಲ್ಲಿ ಹೊಸದಾಗಿ ನೆಟ್ಟ ಕಂಬಕ್ಕೆ ಒಂದೂ ಸಿಕ್ಕಿರಲಿಲ್ಲ. ಅದರ ಸುದ್ದಿ ಬಂದಾಗಲೆಲ್ಲ ಬೇರೊಂದು ಕಂಬದ ಸರದಿಯ ಮೇಲೆ ಬಿದ್ದು ಮುಳುಗಿಹೋಗುತ್ತಿತ್ತು. ದಂಡೆಯ ಮಂದಿಯನ್ನು ಎಬ್ಬಿಸಲು ಇದ್ದದ್ದು ಒಂದೇ ಜೀಪು, ಮೊದಲು ಎತ್ತ ಕಳಿಸಬೇಕೆಂದು ತಿಳಿಯದು.

"ಚಾಚಾ, ಒಂದು ಸರದಿ ಖಾಲಿ ಐತಲ್ರಿ..." ಎಂದೆ.

ಅವರು ನನ್ನ ಮುಖ ನೋಡಲಿಲ್ಲ. "ಅದು ಖಾಲಿ ಐತಿ ಅಂತ ಯಾರಂದ್ರವ್ವಾ?"

ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಚಾಚಾ ಮೈಕ್ ಎತ್ತಿದರು. "ಛೋಟೇ, ಅಲ್ಲಿ ಸಣ್ಣ ಸಣ್ಣ ಮಕ್ಳು ಅದಾವು. ಜರಾ ಜಾಗ ಬಿಡಪಾ." ಗುಂಡಿ ತಿರುಗಿಸಿ ಆ ಸರದಿಯನ್ನು ಹಟ್ಟಿಯ ಕಂಬಕ್ಕೆ ಕೊಟ್ಟರು.

ಸರದಿ ಬಂತು. ಸ್ಪೀಕರಿನಲ್ಲಿ ಟಕ್... ಟಕ್. ಉಗುರಿನ ಸದ್ದು. ಇಬ್ಬರೂ ಕೇಳಿದೆವು. ಅದರ ಬೆನ್ನಿಗೇ ಯಂತ್ರದ ಮೇಲೆ ಕಂಬದ ಅಂಕಿ ನಿಚ್ಚಳವಾಗಿ ಮೂಡಿತು. ನೀರು ಹಟ್ಟಿಯ ಬೇಲಿಗೆ ಬಂದಿತ್ತು.

ಜೀಪು ಅತ್ತ ಓಡಿತು. ಮಂದಿ, ಮಕ್ಕಳು, ಕುರಿಗಳು ಎಲ್ಲ ದಿನ್ನೆ ಹತ್ತಿ ಬದುಕಿಕೊಂಡವು. ಕಂಬಕ್ಕೆ ಉಗುರು ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಚಾಚಾ ಮೈಕನ್ನು ಎದೆಗೊತ್ತಿಕೊಂಡು, "ಜಾಗ ಬಿಟ್ಟು ಎದ್ದು ಹೋದ್ನವ್ವಾ" ಎಂದು ಬಿಕ್ಕಿ ಬಿಕ್ಕಿ ಅತ್ತರು. ಆ ಉಗುರಿನ ಸದ್ದು ಮತ್ತೆಂದೂ ಬರಲಿಲ್ಲ.

ಚಾಚಾ ತೀರಿಕೊಂಡೂ ವರ್ಷಗಳಾದವು. ಮೈಕು ಈಗ ನನ್ನ ಮೇಜಿನ ಮೇಲಿದೆ, ವೈರು ತುಂಡಾಗಿದೆ. ನಿನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಉಗುರಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೂತೆ. "ಹೇಳವ್ವಾ" ಎನ್ನುತ್ತಾರೇನೋ ಚಾಚಾ ಎಂದು...

ಯಾರೂ ಅನ್ನಲಿಲ್ಲ.